ಕೊನೆಯ ಚಡವಿನ ಲೆಕ್ಕ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿ ಕೂಡಿಕೊಂಡಿರದೆ, ತಂತಮ್ಮ ಅಡಿಕೆ ತೋಟಗಳ ಮಗ್ಗುಲಲ್ಲಿ ಒಂಟೊಂಟಿಯಾಗಿ ನಿಂತಿರುವುದರಿಂದ, ಹೆದ್ದಾರಿಯಿಂದ ಒಳಗೆ ಹೊರಳಿದ ದಾರಿ ಮೊದಲು ಡಾಂಬರು, ಆಮೇಲೆ ಕಾಂಕ್ರೀಟು, ಕೊನೆಗೆ ಬರಿಯ ಮಣ್ಣಾಗಿ, ಒಂದು ತೋಡನ್ನು ದಾಟಿಯೋ ಒಂದು ಚಡವನ್ನು ಏರಿಯೋ ಮನೆಯ ಅಂಗಳದಲ್ಲಿ ಮುಗಿಯುವುದು ಇಲ್ಲಿ ಸಾಮಾನ್ಯ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುವಾಗ, ಆ ಕೊನೆಯ ತುಂಡು ದಾರಿಯನ್ನು ಏರಬಲ್ಲ ವಾಹನ ಯಾವುದು ಎಂಬ ಪ್ರಶ್ನೆ ಕೃಷಿಕ ಕುಟುಂಬದ ದೊಡ್ಡ ಖರ್ಚುಗಳಲ್ಲೊಂದನ್ನು ನಿರ್ಧರಿಸುತ್ತದೆ. ಜೀಪಾಗಲಿ ಪಿಕಪ್ ಆಗಲಿ, ಎಂಜಿನ್ನಿನ ಬಲ ಎರಡೇ ಚಕ್ರಗಳಿಗೆ ಹೋದರೆ ಸಾಕೋ, ನಾಲ್ಕಕ್ಕೂ ಹೋಗಬೇಕೋ ಎಂಬುದೇ ಆ ಪ್ರಶ್ನೆಯ ತಿರುಳು.

ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಜೀಪು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡದ್ದು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ ಅದು ಭಾರತದ ಗುಡ್ಡಗಾಡುಗಳಿಗೆ ಹರಡಿತು. ಸುಳ್ಯ, ಕಡಬದ ಕಡೆಯ ಸರ್ವಿಸ್ ಜೀಪುಗಳು ಬಸ್ಸು ತಲುಪದ ಊರುಗಳಿಗೆ ಜನರನ್ನೂ ದಿನಸಿಯನ್ನೂ ಗೊಬ್ಬರದ ಮೂಟೆಗಳನ್ನೂ ಹೊತ್ತವು. ಆದರೆ ಜೀಪೆಂದ ಮಾತ್ರಕ್ಕೆ ನಾಲ್ಕು ಚಕ್ರಗಳ ಚಾಲನೆ ಇದ್ದೇ ಇರುತ್ತದೆ ಎಂದು ತಿಳಿಯಬಾರದು. ಮಹೀಂದ್ರದ ಕಮಾಂಡರ್ ಮುಂತಾದ ಹಳೆಯ ಮಾದರಿಗಳು ಎರಡೂ ಬಗೆಯಲ್ಲಿ ಮಾರಾಟವಾಗಿದ್ದವು. 2023ರ ಜನವರಿಯಿಂದ ಅದೇ ಸಂಸ್ಥೆಯ ಥಾರ್ ಕೂಡ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲ ಹೋಗುವ, ಬೆಲೆ ಕಡಿಮೆಯ ಮಾದರಿಯಲ್ಲಿಯೂ ಸಿಗತೊಡಗಿತು.

ಚಡವಿನಲ್ಲಿ ವಾಹನ ನಿಂತುಬಿಡುವುದಕ್ಕೆ ಎಂಜಿನ್ನಿನ ಶಕ್ತಿ ಸಾಲದಿರುವುದಕ್ಕಿಂತ ಹೆಚ್ಚಾಗಿ ಟೈರಿಗೆ ನೆಲದ ಹಿಡಿತ ಸಾಲದಿರುವುದೇ ಕಾರಣ, ಮತ್ತು ಆ ಹಿಡಿತ ಟೈರಿನ ಮೇಲೆ ಬೀಳುವ ಭಾರವನ್ನು ಅವಲಂಬಿಸಿದೆ. ಮಳೆಯಲ್ಲಿ ನೆನೆದ ಕೆಂಪು ಮಣ್ಣಿನಲ್ಲಿ ಈ ಹಿಡಿತ ಭಾರದ ಹತ್ತರಲ್ಲಿ ನಾಲ್ಕು ಪಾಲು ಎಂದು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. 1,500 ಕಿಲೋ ತೂಕದ ವಾಹನವೊಂದು ಐದು ಅಡಿಗೆ ಒಂದು ಅಡಿ ಏರುವ ಚಡವನ್ನು ಹತ್ತಬೇಕಾದರೆ ತೂಕದ ಐದನೆಯ ಒಂದು ಪಾಲು, ಅಂದರೆ ಸುಮಾರು 300 ಕಿಲೋದಷ್ಟು ತಳ್ಳುವ ಬಲ ಬೇಕು. ಹಿಂದಿನ ಚಕ್ರಗಳ ಮೇಲೆ 750 ಕಿಲೋ ಇದ್ದರೆ ಅವು ಕೊಡಬಲ್ಲದ್ದೂ ಹೆಚ್ಚೆಂದರೆ 300 ಕಿಲೋದ ಬಲವೇ. ಕೆಸರು ಚಕ್ರವನ್ನು ಹಿಂದಕ್ಕೆ ಎಳೆಯುವುದನ್ನು ಇದಕ್ಕೆ ಸೇರಿಸಿದರೆ ಹಿಂಬದಿ ಚಾಲನೆಯ ವಾಹನ ಅರ್ಧದಲ್ಲಿಯೇ ಜಾರುತ್ತದೆ. ನಾಲ್ಕೂ ಚಕ್ರಗಳು ತಳ್ಳಿದರೆ ಅದೇ ನೆಲದಲ್ಲಿ 600 ಕಿಲೋದವರೆಗಿನ ಬಲ ದೊರೆಯುತ್ತದೆ, ಏಕೆಂದರೆ ಆಗ ವಾಹನದ ಇಡೀ ತೂಕ ಹಿಡಿತಕ್ಕೆ ಒದಗುತ್ತದೆ.

ಈಗ ಇದೇ ವಾಹನಕ್ಕೆ ಹಿಂದಿನ ಅಚ್ಚಿನ ಮೇಲೆ ಬರುವಂತೆ 500 ಕಿಲೋ ಗೊಬ್ಬರವನ್ನು ಹೇರಿದರೆ, ಏರುವುದಕ್ಕೆ ಬೇಕಾದ ಬಲ 400 ಕಿಲೋಗೆ ಹೆಚ್ಚುತ್ತದೆಯಾದರೂ ಹಿಂದಿನ ಚಕ್ರಗಳು ಕೊಡಬಲ್ಲ ಬಲ 500ಕ್ಕೆ ಏರುತ್ತದೆ. ಖಾಲಿ ಪಿಕಪ್ ಜಾರಿದ ಚಡವನ್ನೇ ಲೋಡಾದ ಪಿಕಪ್ ಏರಿಹೋಗುವುದರ ಗುಟ್ಟು ಇದು. ಇಂದಿನ ಹೆಚ್ಚಿನ ಚಿಕ್ಕ ಕಾರುಗಳಲ್ಲಿ ಬಲ ಮುಂದಿನ ಚಕ್ರಗಳಿಗೆ ಹೋಗುವುದರಿಂದ ಅವುಗಳ ಪಾಡು ಇದಕ್ಕೆ ತೀರ ವಿರುದ್ಧ: ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಡಿಕ್ಕಿಯಲ್ಲಿ ಅಡಿಕೆ ಮೂಟೆಗಳಿದ್ದರೆ ಮುಂದಿನ ಚಕ್ರಗಳು ಇನ್ನಷ್ಟು ಹಗುರವಾಗಿ ತಿರುಗುತ್ತಲೇ ನಿಲ್ಲುತ್ತವೆ. ಆದ್ದರಿಂದ ಎರಡು ಚಕ್ರಗಳ ಚಾಲನೆ ಎಂದಾಗ ಅದು ಯಾವ ಎರಡು ಎಂದು ಕೇಳುವುದು ಅಗತ್ಯ. ರಿಮೋಟಿನಿಂದ ಓಡುವ ಆಟಿಕೆ ಗಾಡಿಗಳಲ್ಲಿಯೂ ಈ ಎರಡು ಬಗೆಗಳಿವೆ. ಜಪಾನಿನ ತಮಿಯ ಸಂಸ್ಥೆ 1984ರಲ್ಲಿ ಹಿಂಬದಿ ಚಾಲನೆಯ ಹಾರ್ನೆಟನ್ನೂ 1985ರಲ್ಲಿ ನಾಲ್ಕು ಚಕ್ರಗಳ ಚಾಲನೆಯ ಹಾಟ್‌ಶಾಟನ್ನೂ ಹೊರತಂದಿತ್ತು. ಹಿಂಬದಿ ಚಾಲನೆಯ ಅಂಥದೊಂದು ಗಾಡಿಯನ್ನು ಒದ್ದೆ ಮಣ್ಣಿನ ದಿಬ್ಬಕ್ಕೆ ಹತ್ತಿಸಿ, ಆಮೇಲೆ ಹಿಂದಿನ ಅಚ್ಚಿನ ಮೇಲೆ ಚಿಕ್ಕದೊಂದು ತೂಕವನ್ನು ಕಟ್ಟಿ ಮತ್ತೆ ಹತ್ತಿಸಿದರೆ, ಮೇಲಿನ ಲೆಕ್ಕವೆಲ್ಲ ಶಾಲೆಯ ಮಕ್ಕಳಿಗೂ ಕಣ್ಣೆದುರಿಗೇ ತಿಳಿಯುತ್ತದೆ.

ಯಂತ್ರದ ರಚನೆಯಲ್ಲಿ ತಿಳಿಯಬೇಕಾದ ಎರಡು ಭಾಗಗಳಿವೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ, ಎರಡಕ್ಕೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುವ ಗೇರುಗಳ ಕೂಟವೇ ಡಿಫರೆನ್ಶಿಯಲ್. ಅದು ಎರಡು ಬದಿಗೂ ಸಮನಾಗಿ ಬಲ ಹಂಚುತ್ತದೆಯಾದ್ದರಿಂದ, ಒಂದು ಚಕ್ರ ಕೆಸರಿನಲ್ಲಿ ಹಿಡಿತವಿಲ್ಲದೆ ತಿರುಗಿದರೆ ಗಟ್ಟಿ ನೆಲದಲ್ಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ನಾಲ್ಕು ಚಕ್ರಗಳ ಚಾಲನೆಯ ವಾಹನವೂ ಮುಂದೊಂದು ಹಿಂದೊಂದು ಚಕ್ರ ತಿರುಗಿ ಹೂತುಹೋಗುವುದು ಇದರಿಂದಲೇ. ಎರಡನೆಯದು ಗೇರ್ ಪೆಟ್ಟಿಗೆಯಿಂದ ಬಂದ ಬಲವನ್ನು ಮುಂದಿನ ಅಚ್ಚಿಗೂ ಹಂಚುವ ಟ್ರಾನ್ಸ್‌ಫರ್ ಕೇಸ್. ಇದರ ಚಿಕ್ಕ ಲಿವರನ್ನು ಲೋ ಗೇರಿಗೆ ಹಾಕಿದಾಗ ಚಕ್ರದ ವೇಗ ಇಳಿದು ತಿರುಗಿಸುವ ಬಲ ಎರಡರಿಂದ ಎರಡೂವರೆ ಪಟ್ಟಾಗುತ್ತದೆ, ವಾಹನ ಕ್ಲಚ್ಚು ಸುಡದೆ ನಿಧಾನವಾಗಿ ತೆವಳುತ್ತ ಏರುತ್ತದೆ ಮತ್ತು ಇಳಿಜಾರಿನಲ್ಲಿ ಎಂಜಿನ್ನೇ ಅದನ್ನು ತಡೆದು ಹಿಡಿಯುತ್ತದೆ. ಈ ಮೂರು ತಾಲ್ಲೂಕುಗಳ ಕಡಿದಾದ ಚಡವುಗಳಿಗೆ ಲೋ ಗೇರಿನ ಬೆಲೆ ನಾಲ್ಕು ಚಕ್ರಗಳ ಚಾಲನೆಯ ಬೆಲೆಗಿಂತ ಕಡಿಮೆಯದಲ್ಲ. ಅದಿಲ್ಲದ ವಾಹನಕ್ಕೆ ಹೆಚ್ಚು ಹಣ ಕೊಡುವ ಮೊದಲು ಕೃಷಿಕರು ಚೆನ್ನಾಗಿ ಯೋಚಿಸಬೇಕು.

ಬ್ರೇಕು ಮಾತ್ರ ಎರಡೂ ಬಗೆಯ ವಾಹನಗಳಲ್ಲಿ ನಾಲ್ಕು ಚಕ್ರಗಳಿಗೂ ಇರುವುದರಿಂದ, ಹಾವಸೆ ಹಿಡಿದ ಕಾಂಕ್ರೀಟಿನ ಇಳಿಜಾರಿನಲ್ಲಿ ಬ್ರೇಕು ತುಳಿದಾಗ ಹೆಚ್ಚು ಚಕ್ರಗಳಿಗೆ ಬಲ ಹೋಗುವ ಜೀಪು ಬೇಗ ನಿಲ್ಲುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಹಾಗೆಯೇ ಒಣಗಿದ ಡಾಂಬರಿನಲ್ಲಿ ಫೋರ್ ವೀಲ್ ಹಾಕಿಯೇ ಓಡಿಸಿದರೆ, ಮುಂದಿನ ಮತ್ತು ಹಿಂದಿನ ಅಚ್ಚುಗಳು ತಿರುವಿನಲ್ಲಿ ಬೇರೆ ಬೇರೆ ದೂರ ಉರುಳಬೇಕಾದರೂ ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಸ್ಟಿಯರಿಂಗ್ ಗಡುಸಾಗಿ ಗೇರುಗಳು ಸವೆಯುತ್ತವೆ.

ಮಳೆಗಾಲದಲ್ಲಿ ವಾಹನ ಶೆಡ್ಡಿನಲ್ಲಿರಲಿ ಎಂದು ಅಡಿಕೆ ಬೆಳೆಗಾರರು ಸುಮ್ಮನಿರುವಂತಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಹೊತ್ತಿಗೊಮ್ಮೆ, ಆಮೇಲೆ 40–45 ದಿನಗಳ ಅಂತರದಲ್ಲಿ ಮತ್ತೊಮ್ಮೆ ಸಿಂಪಡಿಸಬೇಕಾಗುತ್ತದೆ, ಅದಕ್ಕೆ ಮೈಲುತುತ್ತು, ಸುಣ್ಣ, ಪಂಪು, ಪೈಪು, ಜನ ಎಲ್ಲವೂ ಮಳೆ ಬಿಟ್ಟ ಒಂದೆರಡು ದಿನಗಳಲ್ಲೇ ತೋಟ ಸೇರಬೇಕು. ಆದರೂ ಅಂಗಳದವರೆಗೆ ಕಾಂಕ್ರೀಟು ಬಂದಿರುವ ಮನೆಗೆ ಹಿಂಬದಿ ಚಾಲನೆಯ ಪಿಕಪ್ಪು, ಒಳ್ಳೆಯ ಗೀರುಗಳಿರುವ ಟೈರುಗಳು, ಖಾಲಿ ಹೋಗುವಾಗ ಹಿಂದೆ ಒಂದಿಷ್ಟು ಭಾರ, ಇಷ್ಟಿದ್ದರೆ ಸಾಕು. ಮುಂದಿನ ಅಚ್ಚಿನ ತೂಕ, ಅದು ಕುಡಿಯುವ ಡೀಸೆಲ್, ಅದರ ಜಾಯಿಂಟುಗಳ ರಿಪೇರಿ ಯಾವುದೂ ಆ ಮನೆಯವರ ತಲೆಗೆ ಬರುವುದಿಲ್ಲ. ನೂರಿನ್ನೂರು ಅಡಿಯ ಒಂದೇ ಚಡವು ತೊಂದರೆ ಕೊಡುವುದಾದರೆ, ನೀರು ಹರಿದುಹೋಗಲು ಬದಿಯಲ್ಲಿ ಕಣಿ ತೆಗೆದು ಚಕ್ರ ಹೋಗುವಲ್ಲಿ ಎರಡು ಕಾಂಕ್ರೀಟು ಪಟ್ಟಿ ಹಾಕಿಸುವುದು ಫೋರ್ ವೀಲ್ ವಾಹನಕ್ಕೆ ತೆರುವ ಹೆಚ್ಚಿನ ಹಣಕ್ಕಿಂತ ಮೇಲು.

ಕೊಲ್ಲಮೊಗ್ರು, ಕಲ್ಮಕಾರಿನಂಥ ಘಟ್ಟದ ಬುಡದ ಊರುಗಳಲ್ಲಿ, ದಾರಿಯೇ ತೋಡಾಗಿ ಹರಿಯುವ ಕಡೆ, ಈ ಮಾತು ನಿಲ್ಲುವುದಿಲ್ಲ. ಅಂಥಲ್ಲಿ ಲೋ ಗೇರಿರುವ ಜೀಪೊಂದು ಇಡೀ ನೆರೆಕರೆಯ ಆಸ್ತಿ: ಆಟಿ ತಿಂಗಳ ಮಳೆಯಲ್ಲಿ ಹೆರಿಗೆಯ ಹೆಂಗಸನ್ನೋ ಹಾವು ಕಚ್ಚಿದವರನ್ನೋ ಸುಳ್ಯದ ಆಸ್ಪತ್ರೆಗೆ ಹೊತ್ತೊಯ್ಯುವ ವಾಹನ ಅದೇ ಆಗಿರುತ್ತದೆ. ಅದರ ಖರ್ಚನ್ನು ಒಂದೇ ಮನೆಯ ಲೆಕ್ಕಪುಸ್ತಕದಲ್ಲಿ ತೂಗಿ ದುಬಾರಿಯೆನ್ನುವುದು ಸರಿಯಲ್ಲ.

ಹಳೆಯ ಜೀಪನ್ನು ಕೊಳ್ಳುವವರು ಅದರ ಬಣ್ಣ, ಹುಡ್ಡುಗಳಿಗಿಂತ ಮೊದಲು ಅಡಿಯನ್ನು ಬಗ್ಗಿ ನೋಡಬೇಕು. ಡೀಸೆಲ್ ಉಳಿಸಲೆಂದು ಮುಂದಿನ ಅಚ್ಚಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೆಲವರು ಕಳಚಿಟ್ಟಿರುವುದುಂಟು. ಲಿವರು ಇದ್ದರೂ ಅಂಥ ಜೀಪಿನಲ್ಲಿ ಓಡುವುದು ಎರಡೇ ಚಕ್ರ. ಶಾಫ್ಟಿದ್ದರೆ, ಒದ್ದೆ ಮಣ್ಣಿನ ಮೇಲೆ ಫೋರ್ ಹಾಕಿ, ಲೋ ಗೇರಿಗೆ ತಂದು, ನಾಲ್ಕೂ ಚಕ್ರಗಳು ಎಳೆಯುತ್ತವೆಯೇ ಎಂದು ಒಬ್ಬರನ್ನು ಬದಿಯಲ್ಲಿ ನಿಲ್ಲಿಸಿ ನೋಡಿಸಬೇಕು. ಈ ಪರೀಕ್ಷೆಯನ್ನು ಬೇಸಗೆಯ ಒಣ ಅಂಗಳದಲ್ಲಿ ಮುಗಿಸದೆ, ಒಂದೆರಡು ಮಳೆ ಬಿದ್ದ ಮೇಲೆ, ಸಾಧ್ಯವಾದರೆ ಮನೆಯ ಚಡವಿನಲ್ಲಿಯೇ, ಖಾಲಿ ಜೀಪಿನಲ್ಲಿ ಮಾಡುವುದು ಒಳ್ಳೆಯದು.