ಬೆಳಿಗ್ಗೆ ಎರಡು ಗಂಟೆಗೆ ಶಾಲೆ

ಮಕ್ಕಳೇ, ಆಫ್ರಿಕಾದ ಇಥಿಯೋಪಿಯ ದೇಶದ ಜನ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ನಮ್ಮ ಬೆಳಗಿನ ಏಳು ಗಂಟೆ ಅಂದರೆ ಅವರಿಗೆ ಒಂದು ಗಂಟೆ, ಎಂಟು ಅಂದರೆ ಎರಡು. ಅವರ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡು ತಿಂಗಳಿಗೆ ಮೂವತ್ತು ಮೂವತ್ತು ದಿನ, ಉಳಿದ ಐದಾರು ದಿನಕ್ಕೆ ಒಂದು ಪುಟ್ಟ ತಿಂಗಳು. ಅವರ ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಇದೆಲ್ಲ ನನಗೆ ಗೊತ್ತಾದದ್ದು ಭಾಲ್ಕಿಯ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು.

ಬಿ.ಕಾಂ. ಮುಗಿಸಿ 1973ರಲ್ಲಿ ನಾನು ಅಲ್ಲಿ ಗುಮಾಸ್ತನಾಗಿ ಸೇರಿದೆ. ಔರಾದ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ಆಯಿ ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಅವರ ಮಗ ಇಥಿಯೋಪಿಯದ ದೆಸ್ಸೆ ಎಂಬ ಊರಿನಲ್ಲಿ ಇಂಗ್ಲಿಷ್ ಮಾಸ್ತರರು. ಚಕ್ರವರ್ತಿ ಹೈಲೆ ಸೆಲಾಸಿಯವರ ಕಾಲದಲ್ಲಿ ಭಾರತದಿಂದ ಸಾವಿರಾರು ಶಿಕ್ಷಕರು ಆ ದೇಶಕ್ಕೆ ಹೋದರು. ಹೆಚ್ಚಿನವರು ಕೇರಳದವರು, ನಮ್ಮ ಕಡೆಯವರೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಮಗ ಕಳಿಸಿದ ಡ್ರಾಫ್ಟನ್ನು ನಾವು ಮುಂಬಯಿಗೆ ಕಲೆಕ್ಷನ್‌ಗೆ ಹಾಕುತ್ತಿದ್ದೆವು. ಹಣ ಬಂದ ಮೇಲೆ ಆಯಿ ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳುವರು. ಆಮೇಲೆ ಸೆರಗಿನ ಗಂಟಿನಿಂದ ಒಂದು ಕಾಗದ ಹೊರಬರುತ್ತಿತ್ತು. ಊಟದ ಬಿಡುವಿನಲ್ಲಿ ಅದನ್ನು ಓದಿ ಹೇಳುವುದು ನನ್ನ ಕೆಲಸ.

'ಬೆಳಿಗ್ಗೆ ಎರಡು ಗಂಟೆಗೆ ಶಾಲೆ' ಎಂದು ಓದಿದಾಗ ಆಯಿ ಗಾಬರಿಯಾದರು. "ಅರ್ಧರಾತ್ರ್ಯಾಗ ಯಾವ ಸಾಲಿ ನಡೀತದ ತಮ್ಮಾ?" ಮುಂದಿನ ಸಾಲಿನಲ್ಲಿ ವಿವರಣೆ ಇತ್ತು. ನಮ್ಮ ಹಿರಿಯರು ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದರಲ್ಲ, ಹಾಗೆಯೇ ಇದು ಎಂದೆ. ಇಸವಿಯ ಲೆಕ್ಕ ಕೇಳಿ ನಕ್ಕರು. "ಹಂಗಾದ್ರ ನನ್ ಮಗ ಅಲ್ಲಿ ಎಂಟ್ ವರ್ಷ ಸಣ್ಣವ ಆದ್ನಲ್ಲ!"

ಆಯಿಗೆ ದೊಡ್ಡ ಚಿಂತೆ ಮಗನ ಊಟದ್ದು. ಮಾಸ್ತರರು ಮಾಂಸ ತಿನ್ನುವವರಲ್ಲ. ಅಲ್ಲಿನ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಆ ದಿನ ಮಾಂಸವಿಲ್ಲ, ಹಾಲೂ ಇಲ್ಲ. ಹಾಗಾಗಿ ಯಾವ ಖಾನಾವಳಿಗೆ ಹೋದರೂ ಅವರಿಗೆ ಊಟ ಸಿಗುತ್ತಿತ್ತು. ತೆಫ್ ಎಂಬ ಸಾಸಿವೆಗಿಂತ ಸಣ್ಣ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ಅಗಲವಾದ ದೋಸೆಯಂತೆ ಹುಯ್ಯುತ್ತಾರೆ. ಅದು ಇಂಜೆರಾ. ಮೇಲೆ ಬಡಿಸುವ ಶಿರೊ ಎಂಬುದು ಕಾಳಿನ ಹಿಟ್ಟು, ಖಾರ ಹಾಕಿ ಕುದಿಸಿದ್ದು. 'ಅವ್ವಾ, ಥೇಟ್ ನಮ್ಮ ಝುಣಕ' ಎಂದು ಬರೆದಿದ್ದರು. ಒಂದೇ ತಟ್ಟೆಯಲ್ಲಿ ಮನೆಯವರೆಲ್ಲ ಕೂಡಿ ಉಣ್ಣುತ್ತಾರೆ. ಕಾಫಿ ಕೊಟ್ಟರೆ ಮೂರು ಸಲ ಕುಡಿಯಬೇಕು. ಬೀಜ ಹುರಿಯುವುದೂ ಅತಿಥಿಯ ಎದುರಿಗೇ.

ದೆಸ್ಸೆ ಸುಮಾರು ಎಂಟು ಸಾವಿರ ಅಡಿ ಎತ್ತರದ ಊರು. ಬೀದರಿನ ಬಿಸಿಲಿನಲ್ಲಿ ಬೆಳೆದವರಿಗೆ ಅಲ್ಲಿ ಮೈತುಂಬ ಸ್ವೆಟರ್ ಬೇಕು. ಅಲ್ಲಿನ ಮಕ್ಕಳು ಆರನೆಯ ತರಗತಿವರೆಗೆ ಅಮ್ಹಾರಿಕ್ ಭಾಷೆಯಲ್ಲಿ ಕಲಿತು, ಏಳಕ್ಕೆ ಬಂದೊಡನೆ ಎಲ್ಲ ಪಾಠವನ್ನೂ ಇಂಗ್ಲಿಷಿನಲ್ಲಿ ಓದಬೇಕಿತ್ತು. ಆ ತೊಡಕು ಮಾಸ್ತರರಿಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಅವರದು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಾಲ ಅದು.

ಆದ್ದರಿಂದ ಅವರು ಇಂಗ್ಲಿಷ್ ಪದ ಹೇಳುವ ಮೊದಲು, 'ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ?' ಎಂದು ಕೇಳುತ್ತಿದ್ದರು. ಮಕ್ಕಳಿಂದ ಅವರ ಅಕ್ಷರವನ್ನೂ ಕಲಿತರು. ಅಮ್ಹಾರಿಕ್ ಲಿಪಿಯಲ್ಲೂ ನಮ್ಮಂತೆ ಕಾಗುಣಿತ ಇದೆ. ಒಂದೊಂದು ವ್ಯಂಜನಕ್ಕೆ ಏಳು ರೂಪ. ಲೆ, ಲು, ಲಿ, ಲಾ, ಲೇ, ಲ್, ಲೋ ಎಂದು ಮಾಸ್ತರರು ಮಗ್ಗಿಯಂತೆ ಒಪ್ಪಿಸಿದರೆ ಹುಡುಗರಿಗೆ ಎಲ್ಲಿಲ್ಲದ ಖುಷಿ.

ನಗುವ ಕಾಗದಗಳೇ ಬರುತ್ತಿದ್ದವು ಎಂದಲ್ಲ. 1972ರಲ್ಲಿ ನಮ್ಮ ಭಾಗದಲ್ಲಿ ದೊಡ್ಡ ಬರ ಬಿದ್ದಿತ್ತು. ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದರು. ಮರುವರ್ಷ ದೆಸ್ಸೆ ಇದ್ದ ವೊಲ್ಲೊ ಪ್ರಾಂತದಲ್ಲಿ ಅದಕ್ಕಿಂತ ಭೀಕರ ಕ್ಷಾಮ. ಹಸಿದ ಜನ ಹೆದ್ದಾರಿಗೆ ಬಂದು ಕೂತಿದ್ದಾರೆಂದು ಬರೆದಿದ್ದರು. ಆ ಸಲದ ಡ್ರಾಫ್ಟು ಅರ್ಧವಾಗಿತ್ತು. ಆಯಿ, "ಉಳಿದದ್ದು ಅಲ್ಲೇ ಯಾರಿಗೋ ಉಣಿಸ್ಯಾನ" ಎಂದು ಹೆಬ್ಬೆಟ್ಟು ಒತ್ತಿದರು.

1974ರ ಸೆಪ್ಟೆಂಬರ್ 12ರಂದು ಸೇನೆ ಚಕ್ರವರ್ತಿಯನ್ನು ಪಟ್ಟದಿಂದ ಇಳಿಸಿತು. ನಂತರ ಎಂಟು ತಿಂಗಳು ಡ್ರಾಫ್ಟೂ ಇಲ್ಲ, ಕಾಗದವೂ ಇಲ್ಲ. ಆಯಿ ಮಾತ್ರ ತಪ್ಪದೆ ಬಂದರು. "ಬಂದದೇನು ತಮ್ಮಾ?" ಎನ್ನುವರು. ಇಲ್ಲವೆಂದರೆ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕುಳಿತು, ನೀರು ಕುಡಿದು ಬಸ್ಸಿಗೆ ಹೋಗುವರು.

ಕೊನೆಗೆ ಕಾಗದ ಬಂತು. ಮಾಸ್ತರರು ಕ್ಷೇಮ. ಹೊಸ ಸರ್ಕಾರ ಕಾಲೇಜುಗಳನ್ನೂ ಹೈಸ್ಕೂಲಿನ ಮೇಲಿನ ತರಗತಿಗಳನ್ನೂ ಮುಚ್ಚಿ, ಹತ್ತಾರು ಸಾವಿರ ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಹಳ್ಳಿಗಳಿಗೆ ಕಳಿಸಿತ್ತು. ಹಳ್ಳಿಯವರಿಗೆ ಅಕ್ಷರ ಕಲಿಸುವುದು ಅವರ ಕೆಲಸಗಳಲ್ಲೊಂದು. 'ಪಕ್ಕದ ಹಳ್ಳಿಯ ಅಜ್ಜಿಯೊಬ್ಬಳು ನನ್ನ ಶಿಷ್ಯನಿಂದ ಹೆಸರು ಬರೆಯಲು ಕಲಿತಳು. ನೀನೂ ಕಲಿ ಅವ್ವಾ' ಎಂದಿತ್ತು. ಆಯಿ ಏನೂ ಹೇಳದೆ ಕಾಗದ ಮಡಿಚಿಕೊಂಡರು.

ನಾಲ್ಕು ತಿಂಗಳ ಮೇಲೆ, ಮೂರನೆಯ ತರಗತಿಯ ಮೊಮ್ಮಗನನ್ನು ಕರೆದುಕೊಂಡು ಬಂದರು. ಸ್ಟಾಂಪ್ ಪ್ಯಾಡ್ ಮುಂದೆ ಸರಿಸಿದೆ. ಅದನ್ನು ಹಿಂದಕ್ಕೆ ತಳ್ಳಿ ಪೆನ್ನು ಕೇಳಿದರು. ಮೂರಕ್ಷರದ ಹೆಸರು. ಹಿಂದೆ ನಿಂತವರೊಬ್ಬರು "ಲಗೂ ಮಾಡ್ರಿ ಆಯಿ" ಎಂದರು. "ಅರವತ್ ವರ್ಷ ತಡದೀನಿ, ನೀ ಎರಡ್ ನಿಮಿಷ ತಡಿ" ಎಂದರು ತಲೆ ಎತ್ತದೆ.

ಬ್ಯಾಂಕಿನ ನಿಯಮ ಬೇರೆ. ಹೆಬ್ಬೆಟ್ಟಿನ ಖಾತೆ ಸಹಿಯ ಖಾತೆ ಆಗಬೇಕಾದರೆ ಹೊಸ ಕಾರ್ಡಿನ ಮೇಲೆ ಮೂರು ಸಲ ಒಂದೇ ತರಹ ಸಹಿ ಬೇಕು. ಆಯಿಯ ಮೂರು ಸಹಿ ಮೂರು ಅಳತೆಯವು. ರೂಢಿ ಮಾಡಿಕೊಂಡು ಬನ್ನಿ ಎಂದರು ಮ್ಯಾನೇಜರರು. ಮೊಮ್ಮಗನ ಮುಖ ಸಪ್ಪಗಾಯಿತು. ಮುಂದಿನ ವಾರ ಇಬ್ಬರೂ ಮತ್ತೆ ಬಂದರು, ಸಹಿ ಪಾಸಾಯಿತು. ಆ ಕಾರ್ಡಿಗೆ ಮೊಹರು ಒತ್ತಿದವನು ನಾನೇ.

ಮಾಸ್ತರರು 1978ರಲ್ಲಿ ಮರಳಿ ಬಂದು ನಮ್ಮ ಜಿಲ್ಲೆಯಲ್ಲೇ ಇಂಗ್ಲಿಷ್ ಕಲಿಸಿದರು. ಇಲ್ಲೂ ಮೊದಲ ಪ್ರಶ್ನೆ ಅದೇ: 'ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ?'

ಮಕ್ಕಳೇ, ಬೀದರಿಗೆ ಬಂದರೆ ಎರಡು ಜಾಗ ನೋಡಿ. ಒಂದು, ಇರಾನಿನ ಗಿಲಾನ್ ಪ್ರಾಂತದಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ. ಅಲ್ಲಿ ಪಾಠ ಹೇಳಲು ಪರದೇಶದ ವಿದ್ವಾಂಸರು ನಮ್ಮೂರಿಗೆ ಬರುತ್ತಿದ್ದರು. ಇನ್ನೊಂದು, ಊರ ಹೊರಗಿನ ಹಬಶಿ ಕೋಟ್ ಗುಡ್ಡ. ಹಬಶಿ ಅಂದರೆ ಇಥಿಯೋಪಿಯದ ಕಡೆಯವರು. ಸುಲ್ತಾನರ ಆಸ್ಥಾನದಲ್ಲಿದ್ದ ಅವರ ಗೋರಿಗಳು ಅಲ್ಲಿವೆ. ನಮ್ಮ ಮಾಸ್ತರರು ಹೋಗುವ ಎಷ್ಟೋ ಶತಮಾನ ಮೊದಲೇ ಆ ದೇಶದವರು ಇಲ್ಲಿಗೆ ಬಂದಿದ್ದರು.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ಮೊಬೈಲ್ ಇರಲಿ, ಎಟಿಎಂ ಇರಲಿ, ಮೊಮ್ಮಕ್ಕಳು ಕಲಿಸುತ್ತೇವೆಂದರೆ ಪಕ್ಕದಲ್ಲಿ ಕೂತು ಕಲಿಯಿರಿ. ಮೊದಲ ಮೂರು ಸಲ ತಪ್ಪಾದರೆ ಮುಂದಿನ ವಾರ ಮತ್ತೆ ಕೂತರಾಯಿತು.