ಮಿಲಿಸೆಕೆಂಡಿನ ಲೆಕ್ಕಕ್ಕೆ ಸಿಕ್ಕಿಬಿದ್ದ ಗ್ರಹಗಳು

ಸೂರ್ಯನಲ್ಲದ ನಕ್ಷತ್ರವೊಂದಕ್ಕೂ ಗ್ರಹಗಳಿವೆ ಎಂಬುದಕ್ಕೆ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು 1992ರಲ್ಲಿ, ಅದೂ ಸತ್ತ ನಕ್ಷತ್ರವೊಂದರ ಬಳಿ. ಕನ್ಯಾ ರಾಶಿಯ ದಿಕ್ಕಿನಲ್ಲಿ, ಸುಮಾರು 2,000 ಜ್ಯೋತಿರ್ವರ್ಷ ದೂರದಲ್ಲಿರುವ ಅದರ ಹೆಸರು ಪಿಎಸ್‌ಆರ್ ಬಿ1257+12. ಸೂರ್ಯನಿಗಿಂತ ಭಾರವಾದರೂ ಅಗಲ ಬರೀ ಇಪ್ಪತ್ತು ಕಿ.ಮೀ. ಆಸುಪಾಸು. ಸೆಕೆಂಡಿಗೆ ಸುಮಾರು 161 ಸುತ್ತು ತಿರುಗುವ ಈ ಪಲ್ಸಾರ್, ಪ್ರತಿ ಸುತ್ತಿಗೂ ಒಂದು ರೇಡಿಯೋ ಸ್ಪಂದವನ್ನು ನಮ್ಮತ್ತ ಬೀರುತ್ತದೆ.

ಈ ಸ್ಪಂದಗಳು ತಪ್ಪದೆ ಹೊತ್ತಿಗೆ ಸರಿಯಾಗಿ ಬರಬೇಕು. ಆದರೆ ಗ್ರಹವೊಂದು ಸುತ್ತುತ್ತಿದ್ದರೆ ಪಲ್ಸಾರ್ ಕೂಡ ಸುಮ್ಮನೆ ನಿಲ್ಲುವುದಿಲ್ಲ. ಗ್ರಹದ ಸೆಳೆತಕ್ಕೆ ತಾನೂ ಪುಟ್ಟ ಸುತ್ತು ಹಾಕುತ್ತದೆ. ಅತ್ತ ಸರಿದಾಗ ಸ್ಪಂದ ತಡವಾಗಿ, ಇತ್ತ ಸರಿದಾಗ ಬೇಗ ತಲುಪುತ್ತದೆ. ಇಲ್ಲಿ ಆ ಸರಿದಾಟ ನಮ್ಮ ದಿಕ್ಕಿನಲ್ಲಿ ಸುಮಾರು 400 ಕಿ.ಮೀ.; ಅಂದರೆ ಸ್ಪಂದದ ಹೊತ್ತಿನಲ್ಲಿ ಬರೀ 1.3 ಮಿಲಿಸೆಕೆಂಡಿನ ಏರುಪೇರು. ಅದು ಎಷ್ಟು ದಿನಕ್ಕೊಮ್ಮೆ ಮರುಕಳಿಸುತ್ತದೆ ಎಂಬುದು ಗ್ರಹದ ವರ್ಷವನ್ನೂ, ಎಷ್ಟು ದೊಡ್ಡದು ಎಂಬುದು ಗ್ರಹದ ತೂಕವನ್ನೂ ಹೇಳುತ್ತದೆ.

ತೊಡಕೆಂದರೆ ನಮ್ಮ ಭೂಮಿಯೂ ಓಡುತ್ತಿದೆ. ಸೂರ್ಯನಿಂದ ಭೂಮಿಗೆ ಬೆಳಕು ಬರಲು ಸುಮಾರು 500 ಸೆಕೆಂಡು ಬೇಕು. ಹೀಗಾಗಿ ನಮ್ಮ ಓಡಾಟದಿಂದಲೇ ಸ್ಪಂದಗಳು ವರ್ಷದುದ್ದಕ್ಕೂ ನಿಮಿಷಗಟ್ಟಲೆ ಹಿಂದುಮುಂದಾಗುತ್ತವೆ. ಅದನ್ನು ಚೊಕ್ಕವಾಗಿ ಕಳೆದ ಮೇಲಷ್ಟೇ ಆ ಮಿಲಿಸೆಕೆಂಡು ಕಣ್ಣಿಗೆ ಬೀಳುತ್ತದೆ.

ಈ ಕಳೆಯುವ ಲೆಕ್ಕದಲ್ಲೇ ಬ್ರಿಟನ್ನಿನ ಖಗೋಳಶಾಸ್ತ್ರಜ್ಞ ಆಂಡ್ರ್ಯೂ ಲೈನ್ ಅವರ ತಂಡ ಎಡವಿತು. 1991ರಲ್ಲಿ ಅವರು ಬೇರೊಂದು ಪಲ್ಸಾರಿಗೆ ಆರು ತಿಂಗಳಿಗೊಮ್ಮೆ ಸುತ್ತುವ ಗ್ರಹವಿದೆ ಎಂದು ಪ್ರಕಟಿಸಿದರು. ಆರು ತಿಂಗಳೆಂದರೆ ಭೂಮಿಯ ವರ್ಷದ ಸರಿಯಾಗಿ ಅರ್ಧ! 1992ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ನಡೆದ ಖಗೋಳಶಾಸ್ತ್ರಜ್ಞರ ಸಭೆಯಲ್ಲಿ ಲೈನ್ ತಾವೇ ನಿಂತು, ಆ ಗ್ರಹ ಇಲ್ಲ, ಭೂಮಿಯ ಚಲನೆಯನ್ನು ಸರಿಯಾಗಿ ಕಳೆದಿರಲಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿ ಗೌರವಿಸಿತು.

ಅವರ ಬೆನ್ನಿಗೇ ಮಾತಾಡಿದವರು ಖಗೋಳಶಾಸ್ತ್ರಜ್ಞ ಅಲೆಕ್ಸಾಂಡರ್ ವೋಲ್ಷ್ಚಾನ್. ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಲ್ಲಿ ಬಿ1257+12 ಪಲ್ಸಾರನ್ನು ಪತ್ತೆ ಮಾಡಿದ್ದವರು ಅವರೇ. ಭೂಮಿಯ ಓಡಾಟವನ್ನು ಚೊಕ್ಕವಾಗಿ ಕಳೆಯಲು ಬೇಕಾದ ಅದರ ಸ್ಥಾನವನ್ನು ಅವರ ಜೊತೆಗಾರ ಡೇಲ್ ಫ್ರೇಲ್ ಬೇರೆ ದೂರದರ್ಶಕದಿಂದ ಕರಾರುವಾಕ್ಕಾಗಿ ಅಳೆದುಕೊಟ್ಟಿದ್ದರು. ಸಿಕ್ಕ ಎರಡು ಗ್ರಹಗಳ ವರ್ಷ 66.5 ಮತ್ತು 98.2 ದಿನ, ಭೂಮಿಯ ವರ್ಷಕ್ಕೂ ಇವಕ್ಕೂ ಯಾವ ನಂಟೂ ಇಲ್ಲ. ಒಂದೊಂದೂ ಭೂಮಿಯ ಸುಮಾರು ನಾಲ್ಕು ಪಟ್ಟು ತೂಕ. ಅವು ಒಂದನ್ನೊಂದು ಎಳೆದಾಡುವುದರ ಗುರುತೂ ಸ್ಪಂದಗಳಲ್ಲಿ ಸಿಕ್ಕಾಗ, 1994ರಲ್ಲಿ, ಉಳಿದ ಅನುಮಾನವೂ ತೀರಿತು.

ಅದೇ ಲೆಕ್ಕದಲ್ಲಿ ಮೂರನೆಯದೊಂದು ಗ್ರಹವೂ ಹೊರಬಿತ್ತು. ಅದರ ತೂಕ ನಮ್ಮ ಚಂದ್ರನ ಎರಡು ಪಟ್ಟಿನಷ್ಟು ಮಾತ್ರ. ಇಷ್ಟು ಹಗುರವಾದ ಗ್ರಹವನ್ನು ಇಷ್ಟು ದೂರದಿಂದ ತೂಗುವ ತಕ್ಕಡಿ ಖಗೋಳಶಾಸ್ತ್ರದಲ್ಲಿ ಬೇರೆ ಇಲ್ಲವೆಂದರೂ ನಡೆದೀತು.