ಜಾಲಹಳ್ಳಿಯ ಇಟಲಿ ಕೈದಿಗಳು: ಗೆಳೆತನದ ಕಥೆ, ಲೆಕ್ಕಾಚಾರದ ಸತ್ಯ

ಬಾಗಲಗುಂಟೆಯಿಂದ ತುಮಕೂರು ರಸ್ತೆಗೆ ಬಂದು ಜಾಲಹಳ್ಳಿ ಕ್ರಾಸ್‌ನಲ್ಲಿ ತಿರುಗಿದರೆ ಸ್ವಲ್ಪ ಹೊತ್ತಿಗೆ ವಾಯುಪಡೆಯ ಕಾಂಪೌಂಡ್ ಗೋಡೆಗಳು ಎದುರಾಗುತ್ತವೆ. ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳು ತಲೆಯೆತ್ತುವುದಕ್ಕೆ ಹತ್ತು ಹನ್ನೆರಡು ವರ್ಷ ಮೊದಲೇ, ಎರಡನೇ ಮಹಾಯುದ್ಧದ ದಿನಗಳಲ್ಲಿ, ಈ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರವಿತ್ತು. ಆಫ್ರಿಕದಲ್ಲಿ ಸೆರೆಸಿಕ್ಕು ಭಾರತಕ್ಕೆ ಬಂದ ಇಟಲಿಯವರು 60,000ಕ್ಕೂ ಹೆಚ್ಚು. ಅವರಲ್ಲಿ ದೊಡ್ಡ ಪಾಲು ಬೆಂಗಳೂರಿನ ಸುತ್ತಲಿನ ಶಿಬಿರಗಳಿಗೆ ಬಂತು. ಅವರು ಇಲ್ಲಿಗೆ ಬಂದದ್ದು ಹೇಗೆಂದು ಕೇಳಿದರೆ ಸಿಗುವ ಉತ್ತರ ಸಿದ್ಧವಾಗಿರುತ್ತದೆ: ಮುಸೊಲಿನಿ ಹಿಟ್ಲರನ ಗೆಳೆಯ, ಇಬ್ಬರ ನಡುವೆ ಒಪ್ಪಂದವಿತ್ತು, ಜರ್ಮನಿ ಯುದ್ಧಕ್ಕಿಳಿದಾಗ ಇಟಲಿಯೂ ಇಳಿಯಿತು. ಈ ಉತ್ತರ ತಪ್ಪು. ಜರ್ಮನಿ ಪೋಲೆಂಡಿನ ಮೇಲೆ ಬಿದ್ದದ್ದು 1939ರ ಸೆಪ್ಟೆಂಬರ್ 1ರಂದು. ಇಟಲಿ ಯುದ್ಧ ಸಾರಿದ್ದು 1940ರ ಜೂನ್ 10ರಂದು. ನಡುವಿನ ಒಂಬತ್ತು ತಿಂಗಳು ಇಟಲಿ ಯುದ್ಧದ ಹೊರಗಿತ್ತು. ಹೊರಗಿದ್ದ ದೇಶ ಒಳಗೆ ಬಂದದ್ದೇಕೆ ಎಂಬುದಕ್ಕೆ ಉತ್ತರ ಆ ಒಂಬತ್ತು ತಿಂಗಳಲ್ಲಿದೆ.

ಮೊದಲು ಒಪ್ಪಂದದ ಮಾತು. 1939ರ ಮೇ 22ರಂದು ಬರ್ಲಿನ್‌ನಲ್ಲಿ ಸಹಿಯಾದ ‘ಉಕ್ಕಿನ ಒಪ್ಪಂದ’ದಲ್ಲಿ ಒಬ್ಬರು ಯುದ್ಧದಲ್ಲಿ ಸಿಲುಕಿದರೆ ಇನ್ನೊಬ್ಬರು ನೆಲ, ಜಲ, ಆಕಾಶ ಮೂರರಲ್ಲೂ ಪೂರ್ಣ ಬಲದೊಡನೆ ಬರಬೇಕೆಂದು ಸ್ಪಷ್ಟವಾಗಿ ಬರೆದಿತ್ತು. ತಾನೇ ಮೇಲೆಬಿದ್ದ ಯುದ್ಧಕ್ಕೆ ಇದು ಅನ್ವಯಿಸದು ಎಂಬ ವಿನಾಯಿತಿಯನ್ನೂ ಅದರಲ್ಲಿ ಇಟ್ಟಿರಲಿಲ್ಲ. ಸಹಿಯ ಶಾಯಿ ಆರುವ ಮೊದಲೇ, ಮೇ 30ರಂದು, 1942ರ ಕೊನೆಯವರೆಗೆ ತನಗೆ ಶಾಂತಿ ಬೇಕೆಂದು ಮುಸೊಲಿನಿ ಹಿಟ್ಲರನಿಗೆ ಬರೆದು ಕಳಿಸಿದ. ಆಗಸ್ಟ್ ಕೊನೆಯ ವಾರ ಯುದ್ಧ ಬಾಗಿಲಿಗೆ ಬಂದಾಗ ಇಟಲಿ ತನಗೆ ಬೇಕಾದ ಸಾಮಗ್ರಿಗಳ ಪಟ್ಟಿಯೊಂದನ್ನು ಬರ್ಲಿನ್‌ಗೆ ಕಳಿಸಿತು: ಕಲ್ಲಿದ್ದಲು, ಉಕ್ಕು, ಪೆಟ್ರೋಲಿಯಂ, ಮಾಲಿಬ್ಡಿನಂ, ಎಲ್ಲವೂ ಜರ್ಮನಿಗೆ ಕೊಡಲಾಗದ ಪ್ರಮಾಣದಲ್ಲಿ. ಕೊಡಲು ಆಗಬಾರದೆಂದೇ ಬರೆದ ಪಟ್ಟಿ ಅದು. ಜರ್ಮನಿ ಕೈಚೆಲ್ಲಿತು; ಇಟಲಿ ‘ಯುದ್ಧದಲ್ಲಿ ಭಾಗಿಯಲ್ಲ’ ಎಂದು ಘೋಷಿಸಿ ಕುಳಿತಿತು. ‘ತಟಸ್ಥ’ ಎಂಬ ಪದವನ್ನು ಮುಸೊಲಿನಿ ಬೇಕೆಂದೇ ಬಳಸಲಿಲ್ಲ, ಅದರಲ್ಲಿ ಹೇಡಿತನದ ವಾಸನೆ ಇದೆಯೆಂದು ಅವನ ಅಳುಕು. ಹೆಸರು ಏನೇ ಇರಲಿ, ಲಿಖಿತ ವಚನವಿದ್ದೂ ಇಟಲಿ ಹೊರಗುಳಿದದ್ದು ನಿಜ.

ಇದೊಂದೇ ಸಲವಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಮೊದಲನೇ ಮಹಾಯುದ್ಧದಲ್ಲೂ ನಡೆದದ್ದು ಹೀಗೆಯೇ. 1882ರಿಂದ ಇಟಲಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿಗಳ ಮಿತ್ರ. 1914ರ ಆಗಸ್ಟ್‌ನಲ್ಲಿ ಆ ಮಿತ್ರರು ಯುದ್ಧಕ್ಕೆ ಹೋದಾಗ ಇಟಲಿ ತಟಸ್ಥ ಎಂದಿತು. ಮುಂದಿನ ಒಂಬತ್ತು ತಿಂಗಳು ಎರಡೂ ಪಾಳೆಯಗಳೊಡನೆ ಚೌಕಾಸಿ ಮಾಡಿತು. ಆಸ್ಟ್ರಿಯಾ ಕೊಡುತ್ತೇನೆಂದದ್ದಕ್ಕಿಂತ ಹೆಚ್ಚು ನೆಲವನ್ನು ಬ್ರಿಟನ್ ಮತ್ತು ಫ್ರಾನ್ಸ್ ಮುಂದಿಟ್ಟವು. 1915ರ ಏಪ್ರಿಲ್ 26ರಂದು ಲಂಡನ್‌ನಲ್ಲಿ ಗುಟ್ಟಾಗಿ ಸಹಿಯಾಯಿತು, ಮೇ 23ರಂದು ಇಟಲಿ ತನ್ನ ಹಳೆಯ ಮಿತ್ರ ಆಸ್ಟ್ರಿಯಾದ ಮೇಲೆಯೇ ಯುದ್ಧ ಸಾರಿತು. ಆಗ ರೋಮ್‌ನಲ್ಲಿ ಮುಸೊಲಿನಿಯ ಸರ್ಕಾರ ಇರಲಿಲ್ಲ, ಚುನಾಯಿತ ಸಂಸತ್ತು ಇತ್ತು. ಹಾಗಾಗಿ ಎಲ್ಲವನ್ನೂ ಒಬ್ಬ ಸರ್ವಾಧಿಕಾರಿಯ ಹುಚ್ಚಿಗೆ ಕಟ್ಟಿ ಕೈತೊಳೆದುಕೊಳ್ಳುವ ವಿವರಣೆಯೂ ನಿಲ್ಲುವುದಿಲ್ಲ.

ಹಾಗಾದರೆ 1940ರ ಜೂನ್‌ನಲ್ಲಿ ಬದಲಾದದ್ದೇನು? ಇಟಲಿಯ ಸೇನೆ ಬಲಗೊಂಡಿರಲಿಲ್ಲ. ಒಂಬತ್ತು ತಿಂಗಳ ಹಿಂದೆ ಇದ್ದ ಕೊರತೆಗಳು ಬಹುಮಟ್ಟಿಗೆ ಹಾಗೆಯೇ ಇದ್ದವು. ಬದಲಾದದ್ದು ಗೆಲುವಿನ ಅಂದಾಜು. ಮೇ 10ರಂದು ಶುರುವಾದ ಜರ್ಮನ್ ದಾಳಿಗೆ ಹಾಲೆಂಡ್, ಬೆಲ್ಜಿಯಂ ಬಿದ್ದವು, ಬ್ರಿಟಿಷ್ ಸೇನೆ ಡನ್‌ಕರ್ಕ್‌ನಿಂದ ಸಮುದ್ರ ದಾಟಿ ಹೋಯಿತು, ಫ್ರಾನ್ಸ್ ಕುಸಿಯುತ್ತಿತ್ತು. ಇಟಲಿ ಯುದ್ಧ ಸಾರಿದ ನಾಲ್ಕನೇ ದಿನ ಜರ್ಮನರು ಪ್ಯಾರಿಸ್ ಹೊಕ್ಕರು. ಯುದ್ಧ ಇನ್ನು ಕೆಲವೇ ವಾರ, ಆಮೇಲೆ ಹಂಚಿಕೆ ಎಂದು ರೋಮ್‌ನಲ್ಲಿ ನಂಬಿದರು. ಹಂಚಿಕೆಯ ಪಂಕ್ತಿಯಲ್ಲಿ ತಮಗೂ ಎಲೆ ಹಾಕಬೇಕಾದರೆ ಅದಕ್ಕೆ ಮುಂಚೆ ಒಂದಿಷ್ಟು ರಕ್ತ ಸುರಿಸಿರಬೇಕು ಎಂಬುದೇ ಆಗಿನ ಲೆಕ್ಕ. ಯುದ್ಧ ಬೇಡವೆಂದು ಹೇಳುತ್ತಿದ್ದ ದೊರೆ ವಿಟ್ಟೋರಿಯೊ ಎಮಾನುಯೆಲೆ, ಅರೆಮನಸ್ಸಿನ ಸೇನಾಪತಿ ಬದೋಲಿಯೊ, ವಿದೇಶ ಮಂತ್ರಿ ಚಾನೊ ಎಲ್ಲರೂ ಮೇ ತಿಂಗಳ ಜರ್ಮನ್ ಗೆಲುವುಗಳನ್ನು ಕಂಡ ಮೇಲೆ ಸುಮ್ಮನಾದರು. ನನ್ನ ವಾದಕ್ಕೆ ಬಲವಾದ ಸಾಕ್ಷಿ ಅವರ ಈ ಮೌನವೇ: ಗೆಳೆತನದ ಮೇಲೆ ನಂಬಿಕೆ ಇಲ್ಲದವರೂ ಲಾಭದ ಅಂದಾಜಿಗೆ ಬಾಗಿದರು.

ಇಲ್ಲಿ ಒಂದು ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಟಲಿಯನ್ನು ಯುದ್ಧಕ್ಕೆ ನೂಕಿದ್ದು ಬ್ರಿಟನ್ನಿನ ಒತ್ತಡವಲ್ಲವೆ? ಇಟಲಿಯ ಕಾರ್ಖಾನೆಗಳಿಗೆ ಬೇಕಾದ ಜರ್ಮನ್ ಕಲ್ಲಿದ್ದಲು ಬಹುಪಾಲು ಹಡಗಿನಲ್ಲೇ ಬರುತ್ತಿತ್ತು; 1940ರ ಮಾರ್ಚ್ 1ರಿಂದ ಬ್ರಿಟನ್ ಅದನ್ನು ಸಮುದ್ರದಲ್ಲೇ ತಡೆಯಿತು. ಈ ಮಾತಿನಲ್ಲಿ ಹುರುಳಿದೆ, ತಟಸ್ಥ ದೇಶದ ಕೊರಳಿಗೂ ದಿಗ್ಬಂಧನದ ಹಗ್ಗ ಬೀಳುತ್ತದೆ. ಆದರೆ ಜರ್ಮನಿ ಅದೇ ಕಲ್ಲಿದ್ದಲನ್ನು ರೈಲಿನಲ್ಲಿ ಕಳಿಸಲು ಒಪ್ಪಿತು, ಇಟಲಿ ಮತ್ತೆ ಮೂರು ತಿಂಗಳು ಯುದ್ಧವಿಲ್ಲದೆ ಕಳೆಯಿತು. ಕಲ್ಲಿದ್ದಲು ಇಟಲಿ ಯಾರ ಕಡೆ ವಾಲಬೇಕೆಂಬುದನ್ನು ಗಟ್ಟಿಮಾಡಿತು. ಯಾವಾಗ ಇಳಿಯಬೇಕೆಂಬುದನ್ನು ತೀರ್ಮಾನಿಸಿದ್ದು ಫ್ರಾನ್ಸಿನ ಸೋಲು.

ಸಿದ್ಧಾಂತದ ನಂಟು ಸಾಕೆನ್ನುವವರು ಸ್ಪೇನನ್ನು ನೋಡಬೇಕು. ಅಂತರ್ಯುದ್ಧದಲ್ಲಿ ಫ್ರಾಂಕೊ ಗೆದ್ದದ್ದು ಹಿಟ್ಲರ್, ಮುಸೊಲಿನಿ ಇಬ್ಬರ ವಿಮಾನ, ಸೈನಿಕರ ನೆರವಿನಿಂದ. ಋಣ ಎಂಬುದು ದೇಶಗಳನ್ನು ಯುದ್ಧಕ್ಕೆ ಎಳೆಯುವುದಾದರೆ ಸ್ಪೇನ್ ಮೊದಲೇ ಇಳಿಯಬೇಕಿತ್ತು. 1940ರ ಅಕ್ಟೋಬರ್ 23ರಂದು ಹೆಂಡಾಯ್ ರೈಲು ನಿಲ್ದಾಣದಲ್ಲಿ ಹಿಟ್ಲರ್ ಖುದ್ದಾಗಿ ಬಂದು ಕೇಳಿದರೂ ಫ್ರಾಂಕೊ ಧಾನ್ಯ, ಆಯುಧ, ಫ್ರೆಂಚ್ ಮೊರಾಕೊ ಎಂದು ಬೆಲೆ ಏರಿಸಿದ, ಮಾತು ಮುರಿಯಿತು. ಟರ್ಕಿಯದು ಇನ್ನೂ ಸ್ಪಷ್ಟ. 1939ರ ಅಕ್ಟೋಬರ್‌ನಲ್ಲಿ ಬ್ರಿಟನ್, ಫ್ರಾನ್ಸ್‌ಗಳೊಡನೆ ಪರಸ್ಪರ ನೆರವಿನ ಒಪ್ಪಂದ ಮಾಡಿಕೊಂಡು ಐದು ವರ್ಷ ಹೊರಗೇ ಉಳಿದು, 1945ರ ಫೆಬ್ರವರಿ 23ರಂದು ಸೋಲುತ್ತಿದ್ದ ಜರ್ಮನಿಯ ಮೇಲೆ ಯುದ್ಧ ಸಾರಿತು. ಮಾರ್ಚ್ 1ರೊಳಗೆ ಯುದ್ಧ ಸಾರಿದವರಿಗೆ ಮಾತ್ರ ವಿಶ್ವಸಂಸ್ಥೆಯನ್ನು ಕಟ್ಟುವ ಸ್ಯಾನ್ ಫ್ರಾನ್ಸಿಸ್ಕೊ ಸಭೆಗೆ ಆಹ್ವಾನ ಎಂದು ಗೊತ್ತಾಗಿತ್ತು. ನಾರ್ವೆ, ಹಾಲೆಂಡ್‌ಗಳ ಕಥೆ ಬೇರೆ. ಮನೆಗೇ ನುಗ್ಗಿದವರ ಎದುರು ಅವರಿಗೆ ಆಯ್ಕೆಯೇ ಉಳಿದಿರಲಿಲ್ಲ. ಅವರನ್ನು ಈ ಸಾಲಿಗೆ ಸೇರಿಸುವುದು ಅನ್ಯಾಯ.

ಆಯ್ಕೆಯ ಮಾತು ಬಂದಾಗ ನಮ್ಮ ನೆಲದ್ದೇ ಇನ್ನೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ‘ಭಾರತ ಯುದ್ಧಕ್ಕೆ ಸೇರಿತು’, ‘ಮೈಸೂರು ಬ್ರಿಟನ್ನಿನ ಪಕ್ಷ ವಹಿಸಿತು’ ಎಂದು ಪಾಠದಂತೆ ಹೇಳುತ್ತೇವೆ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೊ ಒಬ್ಬ ಭಾರತೀಯ ಪ್ರತಿನಿಧಿಯನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಎಂದು ಸಾರಿದ. ಅದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಮೈಸೂರಿಗಂತೂ 1799ರ ಶ್ರೀರಂಗಪಟ್ಟಣದ ಒಪ್ಪಂದದಿಂದಲೇ ಕಂಪನಿಯ ಶತ್ರು ತನ್ನ ಶತ್ರು ಎಂದಾಗಿತ್ತು; 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿ ಸಿಕ್ಕಾಗಲೂ ಪರರಾಜ್ಯಗಳೊಡನೆ ವ್ಯವಹರಿಸುವ ಹಕ್ಕು ಸಿಗಲಿಲ್ಲ. ತಟಸ್ಥವಾಗಿರಲು ಮೊದಲು ಸ್ವತಂತ್ರವಾಗಿರಬೇಕು. ಮೈಸೂರಿಗೆ ಉಳಿದಿದ್ದ ಆಯ್ಕೆ ಚಿಕ್ಕದು: ಬಂದೆರಗಿದ ಯುದ್ಧದಿಂದ ನಾಡಿಗೆ ಏನು ದಕ್ಕಿಸಿಕೊಳ್ಳಬಹುದು ಎಂಬುದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದಾಗ ಮೈಸೂರು ಸರ್ಕಾರ ಬಂಡವಾಳ ಹಾಕಿದ್ದು ಆ ಜಾಣ್ಮೆಯಿಂದ.

ಅದೇ ಡಿಸೆಂಬರ್‌ನ 9ರಂದು ಈಜಿಪ್ಟಿನ ಸಿದಿ ಬರ್‍ರಾನಿಯ ಬಳಿ ನಾಲ್ಕನೇ ಭಾರತೀಯ ಡಿವಿಜನ್ ಸೇರಿದಂತೆ ಬ್ರಿಟಿಷ್ ಪಡೆಗಳು ಇಟಲಿಯ ಸೇನೆಯ ಮೇಲೆ ಬಿದ್ದವು. ಎರಡು ತಿಂಗಳೊಳಗೆ ಸುಮಾರು 1,30,000 ಮಂದಿ ಸೆರೆಸಿಕ್ಕರು. 1941ರ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್ ಕೂಡ ಬಿತ್ತು. ಅಲ್ಲಿಯೂ ಮುಂದೆ ನಿಂತವರು ಭಾರತೀಯ ಸೈನಿಕರು. ಯುದ್ಧಕ್ಕೆ ಹೋಗಬೇಕೆ ಎಂದು ಯಾರೂ ಕೇಳದ ನಾಡಿನ ಸೈನಿಕರು, ಒಂಬತ್ತು ತಿಂಗಳು ಅಳೆದು ಸುರಿದು ಲೆಕ್ಕ ಹಾಕಿದ ನಾಡಿನ ಸೈನಿಕರನ್ನು ಸೆರೆಹಿಡಿದರು. ಫ್ರಾನ್ಸ್ ಸೋತಾಗ ಇಟಲಿಗೆ ಸಿಕ್ಕಿದ್ದು ಮಾಂತೋನ್ ಪಟ್ಟಣವೂ ಗಡಿಯಂಚಿನ ಒಂದಿಷ್ಟು ನೆಲವೂ ಮಾತ್ರ. ಅದರ ಬೆಲೆ ತೆತ್ತವರಲ್ಲಿ ಜಾಲಹಳ್ಳಿಯ ಮುಳ್ಳುತಂತಿಯೊಳಗಿನ ಆ ಹುಡುಗರೂ ಇದ್ದರು. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾಯಿತು. ಅಕ್ಟೋಬರ್ 13ರಂದು ಪಕ್ಷ ಬದಲಿಸಿ ಜರ್ಮನಿಯ ಮೇಲೆ ಯುದ್ಧ ಸಾರಿತು. ಕೈದಿಗಳಿಗೆ ಆಗಲೂ ಬಿಡುಗಡೆ ಸಿಗಲಿಲ್ಲ. ಭಾರತದ ಶಿಬಿರಗಳಲ್ಲಿದ್ದ ಅನೇಕರು ಮನೆಯ ದಾರಿ ಹಿಡಿದದ್ದು 1946ರಲ್ಲಿ.